ಈಚಲು ಮರದಡಿಯ ಮಜ್ಜಿಗೆ ಮತ್ತು ಹುಳಿ ಬಿಯರ್

ಈಚಲು ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಅದನ್ನು ಹೆಂಡವೆಂದೇ ಅನ್ನುತ್ತಾರೆ. ಸಹವಾಸದ ಬಗ್ಗೆ ಎಚ್ಚರಿಸುವುದು ಈ ಗಾದೆಯ ಉದ್ದೇಶ. ಆದರೆ ವಿಜ್ಞಾನದ ದೃಷ್ಟಿಯಿಂದ ನೋಡಿದರೆ, ಹಾಗೆ ಆಡಿಕೊಳ್ಳುವ ಜನರದು ಪೂರ್ತಿ ತಪ್ಪಲ್ಲ. ಮಜ್ಜಿಗೆಯನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಬಳಗವೇ ಮರಕ್ಕೆ ಕಟ್ಟಿದ ಮಡಕೆಯಲ್ಲೂ ಕೆಲಸ ಮಾಡುತ್ತಿರುತ್ತದೆ. ಅದೇ ಬಳಗ ಈಗ ಮಹಾನಗರಗಳ ಗ್ಲಾಸುಗಳಲ್ಲಿ ಹೊಸ ಹೆಸರಿನಿಂದ ಕಾಣಿಸಿಕೊಂಡಿದೆ. ಅದುವೇ ಹಣ್ಣು ಬೆರೆಸಿದ ಹುಳಿ ಬಿಯರ್.

2010ರ ನಂತರ ಬೆಂಗಳೂರಿನಲ್ಲಿ ತಲೆಯೆತ್ತಿದ ಚಿಕ್ಕ ಬ್ರೂವರಿಗಳು ಸಣ್ಣ ಪ್ರಮಾಣದಲ್ಲಿ ತಯಾರಿಸುವ ‘ಕ್ರಾಫ್ಟ್’ ಬಿಯರನ್ನು ಜನರಿಗೆ ಪರಿಚಯಿಸಿದವು. ಬಿಯರ್ ಎಂದರೆ ಕಹಿ ಎಂದುಕೊಂಡವರಿಗೆ ಹುಳಿ ಬಿಯರಿನ ಮೊದಲ ಗುಟುಕು ಅಚ್ಚರಿ ತರುತ್ತದೆ. ಕಹಿ ಕೊಡುವುದು ಹಾಪ್ಸ್ ಎಂಬ ಹೂವು. ಹುಳಿ ತರುವ ಬ್ಯಾಕ್ಟೀರಿಯಾಗಳಿಗೆ ಅದು ಶತ್ರು. ಆದ್ದರಿಂದ ಹುಳಿ ಬಿಯರಿನಲ್ಲಿ ಹಾಪ್ಸ್ ಬಹಳ ಕಡಿಮೆ.

ಇದನ್ನು ತಯಾರಿಸುವ ವಿಧಾನ ತಿಳಿಯಲು ದೂರ ಹೋಗಬೇಕಿಲ್ಲ. ಕೊಪ್ಪಳದ ಹಿಟ್ನಾಳದಂಥ ಊರಿನ ಅಡುಗೆಮನೆ ಸಾಕು. ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಹುಳಿ ಬರಲು ಬಿಟ್ಟು, ಬೆಳಿಗ್ಗೆ ಕುದಿಸಿದರೆ ಅಂಬಲಿ. ಮೊದಲು ಹುಳಿ, ಆಮೇಲೆ ಬೆಂಕಿ. ಬ್ರೂವರಿಯಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ. ಮೊಳಕೆ ಬರಿಸಿದ ಬಾರ್ಲಿಯ ಸಿಹಿ ರಸಕ್ಕೆ ಬ್ಯಾಕ್ಟೀರಿಯಾದ ಹೆಪ್ಪು ಹಾಕಿ, 35ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದೆರಡು ದಿನ ಇಡುತ್ತಾರೆ. ಬೇಕಾದಷ್ಟು ಹುಳಿ ಬಂದೊಡನೆ ಕುದಿಸಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಾರೆ. ವ್ಯತ್ಯಾಸ ಬರುವುದು ನಂತರ. ತಣಿದ ರಸಕ್ಕೆ ಯೀಸ್ಟ್ ಸೇರಿಸಿದಾಗ ಸಕ್ಕರೆ ಮದ್ಯಸಾರವಾಗುತ್ತದೆ. ಕೊನೆಯಲ್ಲಿ ಹಣ್ಣು.

ಹಣ್ಣು ಹಾಕಿದರೂ ಬಿಯರ್ ಸಿಹಿಯಾಗುವುದಿಲ್ಲವೇಕೆ? ಹಣ್ಣಿನ ಸಕ್ಕರೆಯನ್ನೂ ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಬಣ್ಣ, ಪರಿಮಳ, ಹಣ್ಣಿನದೇ ಹುಳಿ. ಮಾವಿನ ವಾಸನೆ ಇದ್ದು ಮಾವಿನ ಸಿಹಿ ಇಲ್ಲದಿರುವುದೇ ಈ ಪಾನೀಯದ ವೈಶಿಷ್ಟ್ಯ.

ಹುಳಿ ಬಿಯರಿನ ಹಳೆಯ ತವರುಗಳಲ್ಲಿ ಒಂದು ಬೆಲ್ಜಿಯಂ. ಬ್ರಸೆಲ್ಸ್ ಸುತ್ತಮುತ್ತ ಚಳಿಗಾಲದ ರಾತ್ರಿ ಕುದಿಸಿದ ರಸವನ್ನು ಅಗಲವಾದ ತೆರೆದ ಪಾತ್ರೆಯಲ್ಲಿ ಆರಲು ಬಿಡುತ್ತಾರೆ. ಗಾಳಿಯಲ್ಲಿನ ಸೂಕ್ಷ್ಮಜೀವಿಗಳೇ ಅಲ್ಲಿ ಹೆಪ್ಪು. ಮರದ ಪೀಪಾಯಿಗಳಲ್ಲಿ ಒಂದರಿಂದ ಮೂರು ವರ್ಷ ಮಾಗುವ ಈ ‘ಲ್ಯಾಂಬಿಕ್’ಗೆ ಲೀಟರಿಗೆ ಸುಮಾರು 200 ಗ್ರಾಂ ಹುಳಿ ಚೆರ್ರಿ ಸೇರಿಸಿದರೆ ‘ಕ್ರೀಕ್’ ಸಿದ್ಧ. ಸೋಜಿಗವೆಂದರೆ, ಬೇರೆಡೆ ಇದೇ ಹುಳಿಯನ್ನು ರೋಗವೆಂದು ಬಗೆಯಲಾಗಿತ್ತು. 1857ರಲ್ಲಿ ಲ್ಯಾಕ್ಟಿಕ್ ಹುದುಗುವಿಕೆಗೆ ಸೂಕ್ಷ್ಮಜೀವಿ ಕಾರಣವೆಂದು ತೋರಿಸಿದ ಲೂಯಿ ಪಾಶ್ಚರ್, 1876ರ ತಮ್ಮ ಗ್ರಂಥದಲ್ಲಿ ಬಿಯರಿನ ‘ರೋಗ’ಗಳನ್ನೂ ಅವುಗಳ ತಡೆಯನ್ನೂ ವಿವರಿಸಿದರು.

ಹಾಗಾದರೆ ರುಚಿ ನೋಡುವವರು ಒಳ್ಳೆಯ ಹುಳಿಯನ್ನು ಗುರುತಿಸುವುದು ಹೇಗೆ? ಮೊದಲು ಮೂಸಬೇಕು. ಹಣ್ಣಿನ, ನಿಂಬೆಯ ಅಥವಾ ಮೊಸರಿನ ವಾಸನೆ ಸರಿ. ಮೂಗಿಗೆ ಚುಚ್ಚುವ ವಿನೆಗರ್ ಅಥವಾ ಕೊಳೆತ ಮೊಟ್ಟೆಯ ವಾಸನೆ ಕೆಟ್ಟದ್ದರ ಸೂಚನೆ. ಬಳಿಕ ಚಿಕ್ಕ ಗುಟುಕನ್ನು ಬಾಯಲ್ಲಿ ಕ್ಷಣ ಹೊತ್ತು ನಿಲ್ಲಿಸಬೇಕು. ಮೊದಲು ಹುಳಿ, ಹಿಂದೆಯೇ ಹಣ್ಣು, ಕೊನೆಗೆ ಧಾನ್ಯದ ರುಚಿ ಬರಬೇಕು, ಗಂಟಲು ಉರಿಯಬಾರದು. ಷರಬತ್ತಿನಂತೆ ಇಳಿಯುವ ಇದರಲ್ಲಿ ಸಾಮಾನ್ಯವಾಗಿ ಶೇ 4ರಿಂದ 6ರಷ್ಟು ಮದ್ಯಸಾರ ಇರುತ್ತದೆ. ಹುಳಿ ಅದನ್ನು ಮರೆಮಾಚುತ್ತದೆ ಎಂಬುದನ್ನು ಮರೆಯಬಾರದು.

ಇಂಥ ನಾಲಿಗೆಯ ಪರೀಕ್ಷೆ ಈ ಸೀಮೆಗೆ ಹೊಸದೇನಲ್ಲ. ಇಲ್ಲಿ ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ, 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ತಾಳೆ, ತೆಂಗು, ಖರ್ಜೂರಗಳ ಮದ್ಯದ ಪ್ರಸ್ತಾಪವಿದೆ. ಈಚಲು ಮರದಿಂದ ನಸುಕಿನಲ್ಲಿ ಇಳಿಸಿದ ರಸ ಸಿಹಿ; ಬಿಸಿಲೇರಿದಂತೆ ಅದು ಸೇಂದಿ; ಸಂಜೆಗೆ ಹುಳಿ; ಮರುದಿನಕ್ಕೆ ಬಾಯಿಗಿಡಲಾಗದ ವಿನೆಗರ್. ಯಾವ ಹೊತ್ತಿನ ಮಡಕೆ ಎಂಬುದನ್ನು ಇಳಿಸುವವರು ವಾಸನೆಯಿಂದಲೇ ಹೇಳಬಲ್ಲವರಾಗಿದ್ದರು. ಕ್ಲೋರಲ್ ಹೈಡ್ರೇಟಿನಂಥ ಮತ್ತಿನ ಪುಡಿಯ ಕಲಬೆರಕೆ ರಾಯಚೂರು ಭಾಗದಲ್ಲಿ ಸೇಂದಿಯ ಹೆಸರು ಕೆಡಿಸಿತು. 2000ದ ದಶಕದಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ ಸರ್ಕಾರ ಸೇಂದಿಯನ್ನು ನಿಷೇಧಿಸಿತು. ಕಲಬೆರಕೆಯ ಸೇಂದಿಯಿಂದ ಬಡವರ ಆರೋಗ್ಯ ಹಾಳಾಗುತ್ತಿದ್ದುದು ನಿಜವಾದ್ದರಿಂದ ನಿಷೇಧಕ್ಕೆ ಕಾರಣವಿತ್ತು. ಆದರೆ ಅದರೊಂದಿಗೆ ಹುಳಿಯ ಹದ ಬಲ್ಲವರ ಕಸುಬೂ ನಿಂತಿತು.

ಇಂದು ಅದೇ ಹದವನ್ನು ನಗರದ ಬ್ರೂವರಿ ಉಪಕರಣದಿಂದ ಅಳೆದು, ಹಣ್ಣಿನ ಬಣ್ಣ ಕೊಟ್ಟು, ದುಬಾರಿ ಬೆಲೆಗೆ ಮಾರುತ್ತಿದೆ. ಅದನ್ನು ಕುಡಿಯುವುದು, ಬಿಡುವುದು ಅವರವರ ಇಷ್ಟ. ಆದರೆ ಹುಳಿ ಎಂದರೆ ಕೆಟ್ಟದ್ದಲ್ಲ, ಸರಿಯಾದ ಹೊತ್ತಿಗೆ ನಿಲ್ಲಿಸದ ಹುಳಿ ಮಾತ್ರ ಕೆಟ್ಟದ್ದು. ಹಿಟ್ನಾಳದಂಥ ಊರುಗಳಲ್ಲಿ ಅಂಬಲಿ ಕಾಯಿಸುವ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.