ಮನಸ್ಸಿನ ಗಾಯ: ಚಿಕಿತ್ಸೆ ನಿಂತಲ್ಲೇ ನಿಂತಾಗ

ಕಾಲು ಮುರಿದವರು ಕಟ್ಟು ಬಿಚ್ಚಿದ ಮರುದಿನವೇ ಓಡಬೇಕೆಂದು ನಾವು ಯಾರೂ ಬಯಸುವುದಿಲ್ಲ. ಮನಸ್ಸಿಗೆ ಪೆಟ್ಟು ಬಿದ್ದವರ ವಿಷಯದಲ್ಲಿ ಮಾತ್ರ ನಮಗೆ ಅಷ್ಟು ತಾಳ್ಮೆಯಿರದು. "ನಾಲ್ಕು ತಿಂಗಳಿಂದ ಡಾಕ್ಟರ ಬಳಿಗೆ ಹೋಗುತ್ತಿದ್ದೀಯೆ, ಇನ್ನೂ ರಾತ್ರಿ ಬೆಚ್ಚಿ ಏಳುತ್ತೀಯಲ್ಲ!" ಎನ್ನುತ್ತೇವೆ. ರೋಗಿಗೂ ಅದೇ ಚಿಂತೆ. ಮೊದಮೊದಲು ಹಗುರವೆನಿಸಿತ್ತು, ಈಗ ಗಾಡಿ ಕೆಸರಿನಲ್ಲಿ ಹೂತಂತಿದೆ; ತಪ್ಪು ತನ್ನದೇ ಇರಬೇಕು!

ಬಸ್ಸಿನ ಅಪಘಾತದಲ್ಲಿ ತಮ್ಮನನ್ನು ಕಳೆದುಕೊಂಡ ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳಿ. ಕಿಟಕಿಯ ಪಕ್ಕದ ಸೀಟನ್ನು ತಮ್ಮನಿಗೆ ಬಿಟ್ಟುಕೊಟ್ಟವರು ಅವರೇ. ವೈದ್ಯರ ಮುಂದೆ ಬಸ್ಸು ಹೊರಟದ್ದು, ಆಸ್ಪತ್ರೆ, ಸಂಸ್ಕಾರ ಎಲ್ಲವನ್ನೂ ಹೇಳುತ್ತಾರೆ; ಸೀಟಿನ ಮಾತು ಬಂದೊಡನೆ ವಿಷಯ ಬದಲಿಸುತ್ತಾರೆ. ಒಳಗೆ ಒಂದೇ ವಾಕ್ಯ ಕೊರೆಯುತ್ತಿರುತ್ತದೆ: "ಅವನನ್ನು ಕೊಂದವನು ನಾನು." ಅದು ಹೊರಗೆ ಬಾರದಿರುವ ತನಕ ಎಷ್ಟು ಸಲ ಹೋಗಿ ಬಂದರೂ ಗಾಯ ಮಾಯುವುದು ಕಷ್ಟ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ರೆಸಿಕ್ ಅವರ ಪದ್ಧತಿಯಲ್ಲಿ ಇಂಥ ವಾಕ್ಯಗಳಿಗೆ 'ಸಿಕ್ಕಿಕೊಂಡ ಜಾಗ' ಎಂಬ ಅರ್ಥದ ಹೆಸರೇ ಉಂಟು. ಅತ್ಯಾಚಾರಕ್ಕೆ ಗುರಿಯಾದ ಸ್ತ್ರೀಯರಲ್ಲಿ ಇದರಿಂದಾದ ಫಲವನ್ನು ಅವರು 1992ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ 12 ಭೇಟಿಗಳ ಚಿಕಿತ್ಸೆ ಇದು. ಆ ವಾಕ್ಯವನ್ನು ಕಾಗದದ ಮೇಲೆ ಬರೆದು, ಚಿಕಿತ್ಸಕರೊಡನೆ ಕೂಡಿ ಪ್ರಶ್ನಿಸಬೇಕು. ಇದಕ್ಕೆ ಸಾಕ್ಷ್ಯವೇನು? ಅಪಘಾತವಾಗುವುದೆಂದು ಆಗ ತಿಳಿದಿತ್ತೆ? ಸೀಟು ಕೊಟ್ಟದ್ದು ಪ್ರೀತಿಯಿಂದಲ್ಲವೆ? ದುಃಖವೇನೋ ಉಳಿಯುತ್ತದೆ, ಅಪರಾಧದ ಭಾರ ಇಳಿಯತೊಡಗುತ್ತದೆ.

ಬೇರೆ ಕಾರಣಗಳೂ ಇರಬಹುದು. ಪೆಟ್ಟು ಕೊಟ್ಟವನು ಇನ್ನೂ ಅದೇ ಮನೆಯಲ್ಲಿದ್ದರೆ ಮನಸ್ಸು ಕಾವಲು ಬಿಡಲಾರದು. ವೈದ್ಯೆ ಜೂಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಸುರಕ್ಷಿತತೆಯನ್ನೇ ಚೇತರಿಕೆಯ ಮೊದಲ ಮೆಟ್ಟಿಲೆಂದರು. ಕೆಲವೊಮ್ಮೆ ಪದ್ಧತಿಯೇ ಒಗ್ಗದಿರುವುದೂ ಉಂಟು.

ಆದ್ದರಿಂದ ಚಿಕಿತ್ಸೆ ಬಿಡುವ ಮೊದಲು ಆ ಮಾತನ್ನೇ ಚಿಕಿತ್ಸಕರಿಗೆ ಹೇಳಬೇಕು. "ಇಲ್ಲಿಂದ ಮುಂದಕ್ಕೆ ಹೋಗಲಾರೆ" ಎಂಬುದು ದೂರಲ್ಲ, ಅವರಿಗೆ ಬೇಕಾದ ಸುಳಿವು. ವೇಗ ತಗ್ಗಿಸಬಹುದು, ಪದ್ಧತಿ ಬದಲಿಸಬಹುದು. ಜೀವವೇ ಬೇಡವೆನಿಸಿದರಂತೂ ಮುಂದಿನ ಭೇಟಿಗೆ ಕಾಯಬಾರದು. 2022ರಲ್ಲಿ ಆರಂಭವಾದ ಸರಕಾರದ 'ಟೆಲಿ ಮಾನಸ್' ಸೇವೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಮನೆಯವರೂ "ಮರೆತುಬಿಡು" ಎಂಬ ಉಪದೇಶವನ್ನು ಬದಿಗಿಟ್ಟು, ಭೇಟಿಯ ದಿನ ಜೊತೆಗೆ ಹೋಗಿ ಹೊರಗೆ ಕುಳಿತಿದ್ದರೆ ಅದೇ ದೊಡ್ಡ ನೆರವು.