ಸಮೀಕರಣದ ಬಲಬದಿ

ಹೊಸಪೇಟೆಯಿಂದ ಸಂಡೂರಿಗೆ ಹೋಗುವವರಿಗೆ ಕೆಂಪು ಗುಡ್ಡಗಳು ಹೊಸತಲ್ಲ. ಆ ಕೆಂಪಿಗೆ ಕಾರಣ ಹೆಮಟೈಟ್ ಎಂಬ ಕಬ್ಬಿಣದ ಅದಿರು. ಊದುಕುಲುಮೆಯಲ್ಲಿ ಇಂಗಾಲದ ಮಾನಾಕ್ಸೈಡು ಈ ಅದಿರಿನ ಆಮ್ಲಜನಕವನ್ನು ಸೆಳೆದುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಈ ಸಮೀಕರಣವನ್ನು ಸರಿದೂಗಿಸಿ, 160 ಗ್ರಾಂ ಶುದ್ಧ ಹೆಮಟೈಟಿನಿಂದ 112 ಗ್ರಾಂ ಕಬ್ಬಿಣ ದೊರೆಯುವುದೆಂದು ವಿದ್ಯಾರ್ಥಿ ಬರೆದರೆ ಪೂರ್ಣ ಅಂಕ ಕೊಡುತ್ತೇವೆ. ಉಳಿದುದು ಏನಾಯಿತೆಂದು ಕೇಳುವುದಿಲ್ಲ.

ಕೇಳಿ ನೋಡೋಣ. ಅದಿರಿನೊಡನೆ 84 ಗ್ರಾಂ ಮಾನಾಕ್ಸೈಡು ಸೇರಬೇಕು. ಒಟ್ಟು 244 ಗ್ರಾಂ. ಅದರಲ್ಲಿ ಕಬ್ಬಿಣವಾಗುವುದು ಸುಮಾರು ಶೇಕಡಾ 46 ಮಾತ್ರ. ಮಿಕ್ಕ 132 ಗ್ರಾಂ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಸೇರಿ ಭೂಮಿಯ ಕಾವನ್ನು ಹೆಚ್ಚಿಸುತ್ತದೆ. 'ಪರಮಾಣು ಮಿತವ್ಯಯ'ವೆಂಬ ಈ ಲೆಕ್ಕವನ್ನು 1991ರಲ್ಲಿ ಬ್ಯಾರಿ ಟ್ರಾಸ್ಟ್ ಮುಂದಿಟ್ಟರು. 1998ರಲ್ಲಿ ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ ಅದನ್ನು ಹಸಿರು ರಸಾಯನಶಾಸ್ತ್ರದ 12 ಸೂತ್ರಗಳಲ್ಲಿ ಸೇರಿಸಿದರು. ಕಸವನ್ನು ಆಮೇಲೆ ಗುಡಿಸುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಲೇಸೆಂಬುದು ಅವುಗಳಲ್ಲಿ ಮೊದಲನೆಯದು.

ಮಾನಾಕ್ಸೈಡಿಗೆ ಬದಲು 6 ಗ್ರಾಂ ಜಲಜನಕವನ್ನು ಬಳಸಿದರೆ? ಅದೇ 112 ಗ್ರಾಂ ಕಬ್ಬಿಣ. ಜೊತೆಗೆ 54 ಗ್ರಾಂ ನೀರು. ಮಿತವ್ಯಯವು ಶೇಕಡಾ 67ಕ್ಕೆ ಏರುತ್ತದೆ. ಆದರೆ ಆ ಜಲಜನಕವನ್ನು ನೈಸರ್ಗಿಕ ಅನಿಲದಿಂದ ಪಡೆದರೆ ಡೈಆಕ್ಸೈಡು ಅಲ್ಲಿಯೇ ಹೊರಬೀಳುತ್ತದೆ. ಆದುದರಿಂದ ಲೆಕ್ಕವನ್ನು ಒಂದು ಹೆಜ್ಜೆ ಹಿಂದಿನಿಂದಲೇ ಆರಂಭಿಸಬೇಕು.

ಇದಕ್ಕೆ ಹೊಸ ಪ್ರಯೋಗಶಾಲೆ ಬೇಕಿಲ್ಲ. ಹಳೆಯ ಸಮೀಕರಣದ ಬಲಬದಿಯನ್ನು ಪೂರ್ತಿಯಾಗಿ ಓದುವ ಅಭ್ಯಾಸ ಸಾಕು. ಭೌತಶಾಸ್ತ್ರವನ್ನು ಬೋಧಿಸುವ ನಾವು ಈ ಮಾತನ್ನೆತ್ತಲು ಕಾರಣವಿಷ್ಟೆ: ದ್ರವ್ಯವು ನಾಶವಾಗದೆಂದು ಪಾಠ ಹೇಳಿದ ಮೇಲೆ, ಅದು ಎಲ್ಲಿಗೆ ಹೋಯಿತೆಂದು ತೋರಿಸುವ ಹೊಣೆಯೂ ನಮ್ಮದೇ. ಈ ಅದಿರನ್ನು ನಾಳೆ ಕರಗಿಸಬೇಕಾದವರು ಇಂದು ನಮ್ಮ ತರಗತಿಗಳಲ್ಲಿದ್ದಾರೆ. ಪರೀಕ್ಷೆಯಲ್ಲಿ ಕಬ್ಬಿಣದ ತೂಕದೊಡನೆ ಡೈಆಕ್ಸೈಡಿನ ತೂಕವನ್ನೂ ಕೇಳೋಣ.