ಭೌತನಿಯಮಗಳ ಭಾಷೆ

ಮರದಿಂದ ಕಳಚಿದ ಹಣ್ಣು ನೆಲಕ್ಕೆ ಬೀಳುತ್ತದೆಂಬುದನ್ನು ಅರಿಯದವರಿಲ್ಲ. ಆದರೆ ಇಷ್ಟನ್ನು ಅರಿತ ಮಾತ್ರಕ್ಕೆ ಬೀಳುವಿಕೆಯ ನಿಯಮವನ್ನು ಅರಿತಂತಾಗಲಿಲ್ಲ. ಮೊದಲ ಸೆಕೆಂಡಿನಲ್ಲಿ ಅದು ಎಷ್ಟು ದೂರ ಬೀಳುತ್ತದೆ? ಎರಡನೆಯ ಸೆಕೆಂಡಿನಲ್ಲಿ ಎಷ್ಟು? ಎತ್ತರವು ನಾಲ್ಕು ಪಟ್ಟಾದರೆ ಬೀಳಲು ತಗಲುವ ಕಾಲವೂ ನಾಲ್ಕು ಪಟ್ಟಾಗುವುದೇ? ‘ಬೇಗ’, ‘ನಿಧಾನ’, ‘ಹತ್ತಿರ’, ‘ದೂರ’ ಎಂಬ ಮಾತುಗಳು ನಿತ್ಯದ ಬಳಕೆಗೆ ಸಾಕು. ಇಂಥ ಪ್ರಶ್ನೆಗಳಿಗೆ ಅವು ಉತ್ತರ ಕೊಡಲಾರವು. ಉತ್ತರ ಬೇಕಾದರೆ ಅಳೆಯಬೇಕು. ಅಳತೆಗಳ ನಡುವಣ ಸಂಬಂಧವನ್ನು ಹುಡುಕಬೇಕು. ಆ ಸಂಬಂಧವನ್ನು ಹೇಳುವ ಭಾಷೆಯೇ ಗಣಿತ.

ಈ ದಾರಿಯನ್ನು ತೋರಿಸಿದವರಲ್ಲಿ ಅಗ್ರಗಣ್ಯನು ಇಟಲಿಯ ಗೆಲಿಲಿಯೋ. ಭಾರವಾದ ವಸ್ತು ಹಗುರವಾದುದಕ್ಕಿಂತ ವೇಗವಾಗಿ ಬೀಳುತ್ತದೆಂಬ ಅರಿಸ್ಟಾಟಲನ ಅಭಿಪ್ರಾಯವು ಅಲ್ಲಿಯವರೆಗೆ ಮನ್ನಣೆ ಪಡೆದಿತ್ತು. ಗೆಲಿಲಿಯೋ ‘ವಸ್ತು ಏಕೆ ಬೀಳುತ್ತದೆ’ ಎಂಬ ಚರ್ಚೆಯನ್ನು ಬದಿಗಿರಿಸಿ, ‘ಹೇಗೆ ಬೀಳುತ್ತದೆ’ ಎಂದು ಕೇಳಿದನು. ನೇರವಾಗಿ ಬೀಳುವ ವಸ್ತುವಿನ ಚಲನೆಯನ್ನು ಅಳೆಯಲು ತಕ್ಕ ಗಡಿಯಾರ ಆಗ ಇರಲಿಲ್ಲ. ಆದುದರಿಂದ ಅವನು ಓರೆಯಾಗಿರಿಸಿದ ಮರದ ತೊಲೆಯ ಗಾಡಿಯಲ್ಲಿ ಕಂಚಿನ ಗುಂಡನ್ನು ಉರುಳಿಸಿದನು. ಪಾತ್ರೆಯಿಂದ ಸಣ್ಣ ಧಾರೆಯಾಗಿ ಹರಿದ ನೀರನ್ನು ತೂಗಿ ಕಾಲವನ್ನು ಅಳೆದನು. ಸಮಾನವಾದ ಅವಧಿಗಳಲ್ಲಿ ಗುಂಡು ಕ್ರಮಿಸುವ ದೂರಗಳು 1, 3, 5, 7 ಎಂಬ ಬೆಸ ಸಂಖ್ಯೆಗಳ ಅನುಪಾತದಲ್ಲಿರುತ್ತವೆ. ಇವನ್ನು ಕೂಡಿಸುತ್ತ ಹೋಗಿರಿ: 1, 4, 9, 16 ಎಂಬ ವರ್ಗಸಂಖ್ಯೆಗಳು ದೊರೆಯುತ್ತವೆ. ಅಂದರೆ ಕ್ರಮಿಸಿದ ಒಟ್ಟು ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿದೆ. ಎತ್ತರವು ನಾಲ್ಕು ಪಟ್ಟಾದರೆ ಕಾಲವು ಎರಡೇ ಪಟ್ಟಾಗುತ್ತದೆ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ನಿಯಮವನ್ನು ವಿವರಿಸಿದನು.

ನೆಲದ ಮೇಲಿನ ಈ ಲೆಕ್ಕವನ್ನು ಆಕಾಶಕ್ಕೂ ವಿಸ್ತರಿಸಿದವನು ಇಂಗ್ಲೆಂಡಿನ ಐಸಾಕ್ ನ್ಯೂಟನ್. ಎರಡು ಕಾಯಗಳ ನಡುವಣ ಆಕರ್ಷಣೆಯು ಅವುಗಳ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿರುತ್ತದೆಂದು ಅವನು 1687ರಲ್ಲಿ ಸಾರಿದನು. ಭೂಕೇಂದ್ರದಿಂದ ನಾವಿರುವ ದೂರಕ್ಕಿಂತ ಚಂದ್ರನ ದೂರವು ಸುಮಾರು 60 ಪಟ್ಟು ಹೆಚ್ಚು. ಹಾಗಾದರೆ ಅಲ್ಲಿ ಭೂಮಿಯ ಸೆಳೆತವು 3600ರಲ್ಲಿ ಒಂದು ಪಾಲಾಗಬೇಕು. ಇಲ್ಲಿ ಹಣ್ಣು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರನು ಸೆಕೆಂಡಿಗೆ ಸುಮಾರು 1.4 ಮಿಲಿಮೀಟರಿನಷ್ಟು ತನ್ನ ನೇರ ದಾರಿಯಿಂದ ಭೂಮಿಯತ್ತ ಬಾಗಬೇಕು. ಚಂದ್ರನ ಕಕ್ಷೆಯಿಂದ ಲೆಕ್ಕ ಹಾಕಿದಾಗ ದೊರೆಯುವುದೂ ಇದೇ ಬೆಲೆ. ಹಣ್ಣಿಗೂ ಚಂದ್ರನಿಗೂ ನಿಯಮ ಒಂದೇ ಎಂಬುದನ್ನು ಈ ಸಂಖ್ಯೆಗಳು ಸ್ಥಿರಪಡಿಸಿದವು.

ಗಣಿತದಲ್ಲಿ ಹೇಳಿದ ನಿಯಮವು ಕಂಡದ್ದನ್ನು ವಿವರಿಸುವುದರ ಜೊತೆಗೆ ಕಾಣದ್ದನ್ನೂ ಸೂಚಿಸಬಲ್ಲದು. 1781ರಲ್ಲಿ ವಿಲಿಯಂ ಹರ್ಷೆಲನು ಯುರೇನಸ್ ಗ್ರಹವನ್ನು ಕಂಡುಹಿಡಿದನು. ಮುಂದಿನ ದಶಕಗಳಲ್ಲಿ ಆ ಗ್ರಹವು ಲೆಕ್ಕ ಹೇಳಿದ ಸ್ಥಾನಕ್ಕೂ ತನ್ನ ನಿಜಸ್ಥಾನಕ್ಕೂ ಅಂತರ ತೋರಿಸತೊಡಗಿತು. ನಿಯಮವೇ ತಪ್ಪೋ, ಅಥವಾ ಕಾಣದ ಇನ್ನೊಂದು ಗ್ರಹವು ಅದನ್ನು ಸೆಳೆಯುತ್ತಿದೆಯೋ? ಫ್ರಾನ್ಸಿನ ಲೆವೆರಿಯೆ ಮತ್ತು ಇಂಗ್ಲೆಂಡಿನ ಆಡಮ್ಸ್ ಎರಡನೆಯ ಊಹೆಯನ್ನು ಹಿಡಿದು, ಆ ಗ್ರಹ ಎಲ್ಲಿರಬೇಕೆಂದು ಬೇರೆಬೇರೆಯಾಗಿ ಗಣಿಸಿದರು. ಲೆವೆರಿಯೆಯ ಪತ್ರವು 1846ರ ಸೆಪ್ಟೆಂಬರ್ 23ರಂದು ಬರ್ಲಿನ್ ವೀಕ್ಷಣಾಲಯದ ಯೋಹಾನ್ ಗಾಲೆಯ ಕೈಸೇರಿತು. ಅಂದಿನ ರಾತ್ರಿಯೇ ಗಾಲೆಯು ದೂರದರ್ಶಕವನ್ನು ಆ ದಿಕ್ಕಿಗೆ ತಿರುಗಿಸಿದನು. ಅವನು ನಕ್ಷತ್ರಗಳನ್ನು ಒಂದೊಂದಾಗಿ ಹೇಳುತ್ತ ಹೋದಂತೆ ಅವನ ಸಹಾಯಕ ದಾರೆಸ್ಟ್ ನಕ್ಷೆಯೊಡನೆ ತಾಳೆ ನೋಡುತ್ತಿದ್ದನು. ನಕ್ಷೆಯಲ್ಲಿಲ್ಲದ ಬೆಳಕಿನ ಚುಕ್ಕಿಯೊಂದು ಎದುರಾಯಿತು. ಅದೇ ನೆಪ್ಚೂನ್. ಲೆವೆರಿಯೆ ಸೂಚಿಸಿದ ಸ್ಥಾನದಿಂದ ಅದು ಒಂದು ಡಿಗ್ರಿಯಷ್ಟೂ ದೂರವಿರಲಿಲ್ಲ.

ಇದೇ ಉಪಾಯವು ಇನ್ನೊಮ್ಮೆ ಕೈಕೊಟ್ಟಿತು. ಬುಧಗ್ರಹದ ಕಕ್ಷೆಯಲ್ಲಿ ಸೂರ್ಯನಿಗೆ ಅತ್ಯಂತ ಸಮೀಪದ ಬಿಂದುವು ನಿಧಾನವಾಗಿ ಮುಂದೆ ಸರಿಯುತ್ತದೆ. ಇತರ ಗ್ರಹಗಳ ಸೆಳೆತವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಶತಮಾನಕ್ಕೆ ಸುಮಾರು 43 ವಿಕಲೆಗಳಷ್ಟು ಸರಿತವು ವಿವರಣೆಗೆ ಸಿಗದೆ ಉಳಿಯುತ್ತದೆ. ಒಂದು ಡಿಗ್ರಿಯ 3600ನೆಯ ಭಾಗವೇ ಒಂದು ವಿಕಲೆ. ಈ ಗತಿಯಲ್ಲಿ ಒಂದು ಡಿಗ್ರಿ ಸರಿಯಲು ಎಂಟು ಸಾವಿರಕ್ಕೂ ಹೆಚ್ಚು ವರ್ಷಗಳು ಬೇಕು! 1859ರಲ್ಲಿ ಈ ವ್ಯತ್ಯಾಸವನ್ನು ಪ್ರಕಟಿಸಿದ ಲೆವೆರಿಯೆ, ಸೂರ್ಯನ ಸಮೀಪದಲ್ಲಿ ಕಾಣದ ಗ್ರಹವೊಂದಿರಬಹುದೆಂದು ಊಹಿಸಿದನು. ಅದಕ್ಕೆ ‘ವಲ್ಕನ್’ ಎಂಬ ಹೆಸರೂ ಸಿದ್ಧವಾಯಿತು. ಸೂರ್ಯಗ್ರಹಣಗಳ ಸಮಯದಲ್ಲಿ ಅದನ್ನು ಹುಡುಕಿದರು. ಆದರೆ ಅದು ಸಿಗಲಿಲ್ಲ. ಅಂಥ ಗ್ರಹವೇ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತವನ್ನು ಮಂಡಿಸಿದನು. ಅದಕ್ಕೆ ಬೇಕಾದ ರೇಖಾಗಣಿತದ ತಳಹದಿಯನ್ನು ಜರ್ಮನಿಯ ರೀಮಾನ್ 1854ರಲ್ಲಿಯೇ ಹಾಕಿದ್ದನು. ಹೊಸ ಸಮೀಕರಣಗಳಿಂದ ಆ 43 ವಿಕಲೆಗಳು ತಾವಾಗಿಯೇ ಮೂಡಿಬಂದವು.

ಹಾಗೆಂದು ನ್ಯೂಟನ್ನನ ನಿಯಮವು ನಿರುಪಯುಕ್ತವಾಗಲಿಲ್ಲ. ಬಾಹ್ಯಾಕಾಶನೌಕೆಗಳ ಪಥವನ್ನು ಗಣಿಸಲು ಇಂದಿಗೂ ಅದೇ ಮುಖ್ಯ ಆಧಾರ. ಅದರ ಎಲ್ಲೆ ಎಲ್ಲಿದೆಯೆಂಬುದು ಮಾತ್ರ ಈಗ ತಿಳಿದಿದೆ.

ಒಂದೇ ವಿದ್ವಾಂಸನ ಒಂದೇ ಬಗೆಯ ಊಹೆ ನೆಪ್ಚೂನಿನ ವಿಷಯದಲ್ಲಿ ಗೆದ್ದಿತು, ವಲ್ಕನ್ನಿನ ವಿಷಯದಲ್ಲಿ ಸೋತಿತು. ಎರಡರಲ್ಲಿಯೂ ತೀರ್ಪು ನೀಡಿದುದು ಆಕಾಶವೇ. ‘ಗ್ರಹಗಳು ಸೂರ್ಯನ ಸುತ್ತ ಸುತ್ತುತ್ತವೆ’ ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ, 43 ವಿಕಲೆಗಳ ಕೊರತೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಗಣಿತದ ಭಾಷೆಯನ್ನು ತೊಟ್ಟ ನಿಯಮವು ತನ್ನ ದೋಷವನ್ನು ಮರೆಮಾಚಲಾರದು. ಹೊಸ ಜ್ಞಾನಕ್ಕೆ ಬಾಗಿಲು ತೆರೆಯುವುದೂ ಆ ದೋಷವೇ. ಪಾಠದಲ್ಲಿ ಸೂತ್ರವೊಂದು ಎದುರಾದಾಗ ಅದನ್ನು ಕಂಠಪಾಠ ಮಾಡಿ ಮುಂದುವರಿಯುವ ಮೊದಲು, ಅದು ನಿಸರ್ಗದ ಬಗ್ಗೆ ಏನು ಹೇಳುತ್ತಿದೆ, ಆ ಮಾತನ್ನು ಹೇಗೆ ಪರೀಕ್ಷಿಸಬಹುದು ಎಂದು ಯೋಚಿಸಿರಿ. ಆಗ ಸೂತ್ರದ ಅಕ್ಷರಗಳ ಹಿಂದೆ ಉರುಳುವ ಗುಂಡೂ ಚಲಿಸುವ ಗ್ರಹವೂ ಕಾಣಿಸತೊಡಗುತ್ತವೆ.